ಎರಡನೇ ಸಲದ ಹಸಿರು

ಕೆಂಪಾಪುರ
6 ಜುಲೈ 2025

ಇಂದು,

ಫೋನ್ ಎತ್ತುವುದಿಲ್ಲ ಎಂದು ನೀನು ತೀರ್ಮಾನ ಮಾಡಿರುವುದು ನನಗೆ ಅರ್ಥವಾಗಿದೆ. ಹಟದಲ್ಲಿ ನೀನು ನನ್ನ ಮಗಳೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅಂಚೆಯವನು ಔರಾದಿನ ತನಕ ಹೊತ್ತು ತಂದ ಕಾಗದವನ್ನು ಒಡೆಯದೆ ಮೂಲೆಗೆ ಎಸೆಯುವಷ್ಟು ಗಟ್ಟಿ ಮನಸ್ಸು ನಿನಗಿಲ್ಲ. ನಿನ್ನ ವಸತಿ ಶಾಲೆಯ ಮಕ್ಕಳಿಗೆಲ್ಲ ಮನೆಯಿಂದ ಪತ್ರ ಬರುತ್ತದಂತಲ್ಲ, ಗಣಿತದ ಟೀಚರಿಗೂ ಒಂದು ಬರಲಿ ಎಂದು ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರಿದೆ. ಆಫೀಸು ಯಲಹಂಕದಲ್ಲಿ, ಕೋಗಿಲು ಕ್ರಾಸಿನಿಂದ ಸ್ವಲ್ಪ ಒಳಗೆ. ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಬಿಟ್ಟ ಕಂಪ್ಯೂಟರ್ ಲೈನನ್ನು ಈಗ ಮತ್ತೆ ಹಿಡಿದಿದ್ದೇನೆ. ಮಧ್ಯದಲ್ಲಿ ಕೆಲಸ ಬಿಟ್ಟ ಹೆಂಗಸರನ್ನು ವಾಪಸ್ ತೆಗೆದುಕೊಳ್ಳುವ ಯೋಜನೆಯಂತೆ. ಆರು ತಿಂಗಳು ನೋಡುತ್ತಾರೆ. ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ಡಿಸೆಂಬರಿನಲ್ಲಿ ತಿಳಿಯುತ್ತದೆ. ಮೊದಲ ದಿನ ನಿನ್ನ ಅಪ್ಪ ತಮ್ಮ ಶಾಮಿಯಾನ ಅಂಗಡಿಯ ಟೆಂಪೋದಲ್ಲೇ ಬಿಟ್ಟುಬಂದರು. ಹಿಂದೆ ಕುರ್ಚಿ, ಕಂಬ ಎಲ್ಲ ತುಂಬಿತ್ತು. ಗೇಟಿನ ಸೆಕ್ಯುರಿಟಿಯವನು ಯಾವ ಫಂಕ್ಷನ್ನು ಎಂದು ಕೇಳಿದ. ನನ್ನದೇ ಎಂದೆ.

ಸಂಜೆ ಬಂದರೆ ನಿನ್ನ ಅಜ್ಜಿ ಬಾಗಿಲಲ್ಲೇ ಹಿಡಿದುಕೊಂಡರು. "ಅದೇನ್ ತಯಾರ್ ಮಾಡ್ತಾರೆ ಸುಮಾ ಅಲ್ಲಿ?"

"ನಮ್ಮ ಹಿಂದಿನ ಸೈಟಲ್ಲಿ ಬಾಡಿಗೆ ಮನೆಗಳಿಲ್ವಾ ಅತ್ತೆ, ಕಟ್ಟಡ ಒಂದೇ, ನೀರಿನ ಸಂಪು ಒಂದೇ, ಒಳಗಿರೋರು ಮಾತ್ರ ಇದು ನಮ್ದೇ ಮನೆ ಅಂತ ಇರ್ತಾರೆ. ಹಂಗೇ ಒಂದು ದೊಡ್ಡ ಕಂಪ್ಯೂಟರ್ ಒಳಗೆ ಹತ್ತಾರು ಕಂಪ್ಯೂಟರ್ ಇರೋ ಹಂಗೆ ಮಾಡ್ತಾರೆ. ಅವು ಕೈಗೆ ಸಿಗಲ್ಲ, ಕೆಲಸ ಮಾತ್ರ ಮಾಡ್ತವೆ. ವರ್ಚುವಲ್ ಮಷಿನ್ ಅಂತಾರೆ."

ಅಜ್ಜಿ ದಾರಿ ಬಿಡದೆ ಕೇಳಿದರು. "ಇಂಗೋ. ಬಾಡಿಗೆ ಯಾರ್ ಈಸ್ಕೊಂತಾರೆ?"

ನನಗೆ ಕೊಟ್ಟಿರುವುದು ಟೆಸ್ಟ್‌ಗಳ ಕೆಲಸ. ಸಾಫ್ಟ್‌ವೇರ್ ಗ್ರಾಹಕರ ಕೈಗೆ ಹೋಗುವ ಮೊದಲು ಅದು ಸರಿಯಿದೆಯೇ ಎಂದು ತಾವೇ ತಾವಾಗಿ ಓಡಿ ನೋಡುವ ಟೆಸ್ಟ್‌ಗಳು. ಒಂದೊಂದು ಟೆಸ್ಟೂ ಒಂದು ವರ್ಚುವಲ್ ಮಷಿನ್ನನ್ನು ಹುಟ್ಟಿಸಬೇಕು, ದುಡಿಸಬೇಕು, ಮಲಗಿಸಬೇಕು, ಎಬ್ಬಿಸಬೇಕು. ಬೆಳಗ್ಗೆ ಶುರುವಾದರೆ ಸಂಜೆಗೆ ಮುಗಿಯುತ್ತದೆ. ಪಾಸಾದರೆ ಪರದೆಯಲ್ಲಿ ಹಸಿರು, ಫೇಲಾದರೆ ಕೆಂಪು. ಅಷ್ಟು ಕಾದ ಮೇಲೂ ಅರ್ಧಕ್ಕರ್ಧ ದಿನ ಕಾರಣವಿಲ್ಲದೆ ಕೆಂಪು ಬರುತ್ತದೆ. ಇವನ್ನು ಮುಟ್ಟಲು ಆಫೀಸಿನಲ್ಲಿ ಯಾರಿಗೂ ಇಷ್ಟವಿಲ್ಲ. ಮದುವೆಯಾಗಿ ಮನೆಗೆ ಬಂದ ಹೊಸ ಸೊಸೆಗೆ ಹಂಡೆ ತಿಕ್ಕಲು ಕೊಟ್ಟ ಹಾಗೆ ನನಗೆ ಕೊಟ್ಟಿದ್ದಾರೆ. ನಮ್ಮ ಮ್ಯಾನೇಜರ್ ರವಿಕಿರಣ ಮೃದುವಾಗಿಯೇ ಹೇಳಿದರು: "ಡಿಸೆಂಬರ್ ಒಳಗೆ ಇವು ನಂಬೋ ಹಾಗಾದ್ರೆ ನೀವು ಪರ್ಮನೆಂಟ್ ಮೇಡಂ. ಇಲ್ಲಾಂದ್ರೆ ನನ್ ಕೈಲೇನೂ ಇರಲ್ಲ." ಹಂಡೆ ತಿಕ್ಕಿ ಅಭ್ಯಾಸವಿರುವವಳು ನಾನು. ಆಗುತ್ತದೆ.

ನನಗೆ ಈ ಕೆಲಸ ಬೇಕು ಕಣೇ ಇಂದು. ಸಂಬಳಕ್ಕಿಂತ ಹೆಚ್ಚಾಗಿ, ನನಗೆ ತಲೆ ಇದೆ ಎಂದು ನನಗೇ ನೆನಪು ಮಾಡಿಕೊಳ್ಳಲು ಬೇಕು. "ನಾನ್ ಬಿಟ್ಟಿದ್ದನ್ನ ನೀನ್ ಮಾಡಿ ತೋರಿಸ್ಬೇಕಾ" ಎಂದು ನೀನು ಅವತ್ತು ಫೋನ್ ಇಟ್ಟೆಯಲ್ಲ, ಆ ಮಾತು ಚುಚ್ಚಿತು. ನಿನ್ನನ್ನು ಅಣಕಿಸಲು ನಾನು ಸೇರಿದ್ದಲ್ಲ. ಇದನ್ನು ಒಂದೇ ಸಲ ಹೇಳುತ್ತೇನೆ, ಮತ್ತೆ ಹೇಳುವುದಿಲ್ಲ.

ಕಾಗದ ಬರಿ ಎಂದು ಒತ್ತಾಯವಿಲ್ಲ. ಬರೆದರೆ ಬೇಡ ಎನ್ನುವುದೂ ಇಲ್ಲ.

ನಿನ್ನ ಅಮ್ಮ


ಔರಾದ
27 ಜುಲೈ 2025

ಅಮ್ಮ,

ಕಾಗದ ಬಂತು. ಒಡೆದೆ. ಅಷ್ಟರಮಟ್ಟಿಗೆ ನೀನು ಗೆದ್ದೆ.

ನಾನು ಚೆನ್ನಾಗಿದ್ದೇನೆ. ಇಲ್ಲಿ ಸೆಕೆ ಇನ್ನೂ ಹೋಗಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಬೀಜಗಣಿತ ಶುರು ಮಾಡಿದ್ದೇನೆ, ಎಕ್ಸ್ ಎಂದರೆ ಯಾರು ಎಂದು ಕೇಳುತ್ತಾರೆ. ಅಜ್ಜಿಯ ಮಂಡಿಗೆ ಎಣ್ಣೆ ಹಚ್ಚುವುದನ್ನು ಅಪ್ಪ ಮರೆಯದಿರಲಿ.

ನಿನಗೆ ಒಳ್ಳೆಯದಾಗಲಿ, ಮನಸ್ಸಿನಿಂದಲೇ ಹೇಳುತ್ತಿದ್ದೇನೆ. ಆದರೆ ಟೆಸ್ಟು, ಕೆಂಪು, ಹಸಿರು, ಇವುಗಳ ವಿಷಯ ನನಗೆ ಬರೆಯಬೇಡ. ಆ ಕೆಲಸ ನನಗೆ ಇಷ್ಟವಿರಲಿಲ್ಲ, ಬಿಟ್ಟೆ, ಅಷ್ಟೇ. ಮನೆಯ ವಿಷಯ ಬರಿ, ಹಿಂದಿನ ಸೈಟಿನ ಬಾಡಿಗೆಯವರ ನಾಯಿಯ ವಿಷಯ ಬರಿ. ಅದನ್ನು ಓದುತ್ತೇನೆ.

ಇಂದು


ಕೆಂಪಾಪುರ
24 ಆಗಸ್ಟ್ 2025

ಇಂದು,

ನಾಯಿ ಚೆನ್ನಾಗಿದೆ. ಮೊನ್ನೆ ನಿನ್ನ ಅಪ್ಪನ ಜಮಖಾನದ ಮೇಲೆ ಮಲಗಿತ್ತು, ಅಪ್ಪ ಅದನ್ನು ಎಬ್ಬಿಸದೆ ಬೇರೆ ಜಮಖಾನ ಬಾಡಿಗೆಗೆ ಕಳಿಸಿದರು. ಮನೆಯ ವಿಷಯ ಮುಗಿಯಿತು. ಇನ್ನು ನನ್ನ ವಿಷಯ. ಬೇಡವಾದರೆ ಇಲ್ಲಿಂದ ಮುಂದೆ ಓದಬೇಡ.

ಈ ಟೆಸ್ಟ್‌ಗಳ ಮೊದಲ ಕಾಯಿಲೆ ಸಿಕ್ಕಿತು. ಮಷಿನ್ ಹುಟ್ಟಿದ ಮೇಲೆ ಅದು ಸಿದ್ಧವಾಗಲು ಸಮಯ ಬೇಕು. ಹಿಂದೆ ಬರೆದವರು, ಇಷ್ಟು ನಿಮಿಷ ಸುಮ್ಮನೆ ಕಾದಿರು, ಆಮೇಲೆ ಕೆಲಸ ಹೇಳು ಎಂದು ಬರೆದಿಟ್ಟಿದ್ದಾರೆ. ಮಷಿನ್ ಬೇಗ ಸಿದ್ಧವಾದರೂ ಕಾಯುತ್ತ ಕೂರಬೇಕು, ತಡವಾದರೆ ಸಿದ್ಧವಾಗುವ ಮೊದಲೇ ಕೆಲಸ ಹೇಳಿ ಕೆಂಪು ಮಾಡಿಕೊಳ್ಳಬೇಕು. ಕಡಿಮೆ ಬಿದ್ದಾಗಲೆಲ್ಲ ಯಾರೋ ಬಂದು ನಿಮಿಷ ಹೆಚ್ಚಿಸಿ ಹೋಗಿದ್ದಾರೆ. ಹಾಗಾಗಿಯೇ ಸಂಜೆಯ ತನಕ ಓಡುತ್ತದೆ.

ನಾನು ಎಲ್ಲ ಕಡೆ ಆ ಕಾಯುವ ಸಾಲುಗಳನ್ನು ತೆಗೆದು, ಮಷಿನ್ನನ್ನೇ ಕೇಳುವಂತೆ ಬರೆದೆ. ಸಿದ್ಧವಾಯಿತಾ? ಇಲ್ಲವಾ? ಸರಿ, ಸ್ವಲ್ಪ ತಾಳಿ ಮತ್ತೆ ಕೇಳುತ್ತೇನೆ. ಕೊನೆಗೂ ಏಳದೇ ಹೋದರೆ, ಯಾಕೆ ಏಳಲಿಲ್ಲ ಎಂದು ಬರೆದಿಟ್ಟು ನಿಲ್ಲು. ಬರೆಯಲು ವಾರಗಟ್ಟಲೆ ಹಿಡಿಯಿತು, ಆದರೆ ಈಗ ಮಧ್ಯಾಹ್ನದ ಊಟದ ಹೊತ್ತಿಗೆ ಟೆಸ್ಟ್‌ಗಳು ಮುಗಿಯುತ್ತವೆ. ರವಿಕಿರಣ ಬಂದು ನೋಡಿ "ಪರ್ವಾಗಿಲ್ವೇ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತಂತೆ.

ಆದರೂ ಕೆಂಪು ನಿಂತಿಲ್ಲ. ಇವತ್ತು ಒಂದು ಟೆಸ್ಟ್, ನಾಳೆ ಇನ್ನೊಂದು. ಇದಕ್ಕೆ ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇದೆ, ರೀರನ್. ಕೆಂಪು ಬಂದರೆ ಯಾರೂ ಯಾಕೆಂದು ನೋಡುವುದಿಲ್ಲ, ಬಟನ್ ಒತ್ತಿ ಮತ್ತೆ ಓಡಿಸುತ್ತಾರೆ. ಟೀಗೆ ಏಳುವ ಮೊದಲು ಒತ್ತುತ್ತಾರೆ, ಊಟಕ್ಕೆ ಏಳುವ ಮೊದಲು ಒತ್ತುತ್ತಾರೆ. "ರೀರನ್ ಹಾಕಿದೀನಿ ಮಗಾ, ಬಾ ಟೀಗೆ" ಎನ್ನುವುದು ದಿನಕ್ಕೆಷ್ಟು ಸಲ ಕಿವಿಗೆ ಬೀಳುತ್ತದೋ. ನನ್ನ ಪಕ್ಕದ ಸೀಟಿನ ಮುದಸ್ಸಿರ್ ಆರ್.ಟಿ. ನಗರದವನು, ಒಳ್ಳೆಯ ಹುಡುಗ, ಬುದ್ಧಿವಂತ. ಅವನನ್ನು ಕೇಳಿದೆ.

"ಮೊದಲ್ನೇ ಸಲ ಕೆಂಪು ಬಂದ್ರೆ ಯಾರೂ ತಲೆ ಕೆಡಿಸ್ಕೊಳಲ್ಲ ಅಕ್ಕ. ಎರಡನೇ ಸಲಾನೂ ಬಂದ್ರೆ ಸ್ವಲ್ಪ ಬೇಜಾರು. ಮೂರ್ನೇ ಸಲಾನೂ ಬಂದ್ರೆ ಆಗ ನೋಡ್ತೀವಿ."

"ಎರಡನೇ ಸಲ ಹಸಿರು ಬಂದ್ರೆ?"

"ಟೆಸ್ಟ್ ಸುಳ್ಳು ಹೇಳಿತ್ತು ಅಂತ ಅರ್ಥ."

ನನಗೆ ಅದು ಸರಿಬರುತ್ತಿಲ್ಲ. ಆದರೆ ಯಾಕೆ ಸರಿಬರುತ್ತಿಲ್ಲ ಎಂದು ಬಿಡಿಸಿ ಹೇಳಲೂ ಆಗುತ್ತಿಲ್ಲ. ಮನೆಯಲ್ಲಿ ಇದನ್ನು ಮಾತಾಡೋಣವೆಂದರೆ ನಿನ್ನ ಅಪ್ಪ ತಲೆ ಆಡಿಸುತ್ತಾರೆ, ಅವರು ಯಾವುದಕ್ಕೆ ಬೇಕಾದರೂ ತಲೆ ಆಡಿಸುತ್ತಾರೆ. ಮಾತಾಡಲು ನೀನಿಲ್ಲ ಎನ್ನುವುದು ಇಂಥ ದಿನ ಹೆಚ್ಚು ಕಾಣುತ್ತದೆ.

ನಿನ್ನ ಅಮ್ಮ


ಔರಾದ
14 ಸೆಪ್ಟೆಂಬರ್ 2025

ಅಮ್ಮ,

ಬರೆಯಬೇಡ ಎಂದು ನಾನು ಹೇಳಿದ್ದೆ, ನೀನು ಬರೆದೆ. ಓದಬೇಡ ಎಂದು ನೀನೂ ಹೇಳಿದ್ದೆ, ನಾನು ಓದಿದೆ. ಇಬ್ಬರೂ ಒಂದೇ.

ಒಂದೇ ಮಾತು ಹೇಳುತ್ತೇನೆ, ಇದಕ್ಕಿಂತ ಹೆಚ್ಚು ಕೇಳಬೇಡ. ಟೆಸ್ಟ್ ಕೆಂಪಾದಾಗ ಆ ಟೆಸ್ಟನ್ನೇ ದಿಟ್ಟಿಸಿ ನೋಡಬೇಡ. ಅದೇ ಹೊತ್ತಿಗೆ ಆ ದೊಡ್ಡ ಕಂಪ್ಯೂಟರಿನ ಮೇಲೆ ಇನ್ನು ಯಾರು ಯಾರು ಇದ್ದರು ಎಂದು ನೋಡು. ನೀನೇ ಅಜ್ಜಿಗೆ ಹೇಳಿದೆಯಲ್ಲ, ಸಂಪು ಒಂದೇ ಎಂದು.

ಮತ್ತೆ, ಕಾಯುವುದನ್ನು ಕೇಳುವುದಾಗಿ ಬದಲಿಸಿದ್ದು ಚೆನ್ನಾಗಿದೆ. ನಮ್ಮ ಟೀಮಿನಲ್ಲಿ ಅದನ್ನು ಮಾಡಲು ಯಾರೂ ನನಗೆ ಸಮಯ ಕೊಡಲಿಲ್ಲ.

ಅಜ್ಜಿಯ ಮಂಡಿ ಹೇಗಿದೆ? ಬರೆಯಲೇ ಇಲ್ಲ ನೀನು.

ಇಂದು


ಕೆಂಪಾಪುರ
12 ಅಕ್ಟೋಬರ್ 2025

ಇಂದು,

ಅಜ್ಜಿಯ ಮಂಡಿ ವಾಸಿ, ಬಾಯಿ ಮೊದಲಿನಂತೆಯೇ ಇದೆ.

ನೀನು ಹೇಳಿದ ಹಾಗೆ ನೋಡಿದೆ. ಕೆಂಪು ಬಂದ ಹೊತ್ತಿಗೆಲ್ಲ ಯಾರು ಯಾರು ಅಲ್ಲಿದ್ದರು ಎಂದು ಪಟ್ಟಿ ಮಾಡಿಸಿದರೆ, ಇರಬಾರದವರೆಲ್ಲ ಇದ್ದರು. ಯಾರೋ ರೀರನ್ ಒತ್ತಿದಾಗ ಹೊಸ ಮಷಿನ್ ಹುಟ್ಟುತ್ತದೆ, ಆದರೆ ಸೋತ ಹಳೆಯ ಮಷಿನ್ ಹಾಗೇ ಬದುಕಿರುತ್ತದೆ. ಅದನ್ನು ಯಾರೂ ಮುಚ್ಚುವುದಿಲ್ಲ. ಹೀಗೆ ಬೆಳಗ್ಗೆಯಿಂದ ತುಂಬಿಕೊಳ್ಳುತ್ತ ಹೋಗಿ, ಊಟದ ಹೊತ್ತಿಗೆ ದೊಡ್ಡ ಕಂಪ್ಯೂಟರಿಗೆ ಉಸಿರು ಕಟ್ಟುತ್ತದೆ. ಆಗ ಬೇರೆ ಯಾರದೋ ಒಳ್ಳೆಯ ಟೆಸ್ಟ್ ನಿಧಾನವಾಗಿ ಕೆಂಪಾಗುತ್ತದೆ. ಅವರೂ ರೀರನ್ ಒತ್ತುತ್ತಾರೆ. ಅಂದರೆ ಯಾವ ರೋಗಕ್ಕೆಂದು ಮದ್ದು ಕುಡಿಯುತ್ತಿದ್ದರೋ ಆ ರೋಗ ಬಂದದ್ದೇ ಮದ್ದಿನಿಂದ. ಇಷ್ಟು ಜನ ಓದಿದವರು ಇಷ್ಟು ವರ್ಷ ಒಬ್ಬರ ಟೆಸ್ಟನ್ನು ಇನ್ನೊಬ್ಬರು ಕೆಡಿಸುತ್ತ, ಆರಾಮಾಗಿ ಟೀ ಕುಡಿದುಕೊಂಡಿದ್ದರು.

ಅಜ್ಜಿಗೆ ಹೇಳಿದೆ. "ಖಾಲಿ ಮಾಡುಸ್ದೆ ಒಸಬರನ್ನ ಕೂರುಸ್ತಾರಾ? ಅದ್ಯಾವ್ ಸೀಮೆ ಓನರ್ರು" ಎಂದರು.

ಎರಡು ಕೆಲಸ ಮಾಡಿದೆ. ಗೆದ್ದರೂ ಸೋತರೂ ಪ್ರತಿ ಟೆಸ್ಟೂ ತಾನು ಹುಟ್ಟಿಸಿದ್ದನ್ನು ತಾನೇ ಮುಚ್ಚಿ ಹೋಗಬೇಕು ಎಂದು ಬರೆದೆ. ಆಮೇಲೆ ರವಿಕಿರಣರ ಹತ್ತಿರ ಹೋಗಿ, ಒಂದು ವಾರ ರೀರನ್ ಬಟನ್ನನ್ನೇ ತೆಗೆಯಿರಿ ಎಂದು ಕೇಳಿದೆ. ಅವರು ನನ್ನನ್ನು ನೋಡಿದ ರೀತಿ ನೋಡಿದರೆ ಕ್ಯಾಂಟೀನ್ ಮುಚ್ಚಿಸಿ ಎಂದು ಕೇಳಿದ್ದೇನೋ ಎನಿಸಿತು.

"ಎಲ್ರೂ ನನ್ ಮೇಲೆ ಬೀಳ್ತಾರೆ ಮೇಡಂ."

"ನನ್ ಹೆಸರು ಹೇಳಿ ಸರ್. ನಾನು ಹೆಂಗೂ ಡಿಸೆಂಬರ್‌ವರೆಗೆ ತಾನೆ."

ತೆಗೆಸಿದರು. ಮೊದಲ ಎರಡು ದಿನ ನರಕ. ಎಲ್ಲರ ಪರದೆಯೂ ಕೆಂಪು, ಒತ್ತಲು ಬಟನ್ ಇಲ್ಲ. ಒಬ್ಬ ನನಗೆ ಕೇಳಿಸುವ ಹಾಗೇ "ಆಂಟಿ ಬಂದ್ಮೇಲೆ ಆಫೀಸ್ ಸ್ಕೂಲ್ ಆಗೋಯ್ತು ಗುರು" ಎಂದ. ಸ್ಕೂಲಾದರೆ ಕೆಟ್ಟದ್ದೇನಲ್ಲ, ನನ್ನ ಮಗಳು ಅಲ್ಲೇ ಇದ್ದಾಳೆ ಎಂದೆ. ಬೇರೆ ದಾರಿಯಿಲ್ಲದೆ ಜನ ಕೆಂಪನ್ನು ತೆರೆದು ಓದತೊಡಗಿದರು. ಕೆಲವು ಟೆಸ್ಟ್‌ಗಳು ಹಿಂದಿನ ಟೆಸ್ಟ್ ಬಿಟ್ಟುಹೋದ ಫೈಲನ್ನು ನೆಚ್ಚಿಕೊಂಡಿದ್ದವು, ಅವನ್ನು ಮುದಸ್ಸಿರ್ ಕೂತು ಬಿಡಿಸಿಕೊಟ್ಟ. ವಾರದ ಕೊನೆಗೆ ಪರದೆ ಪೂರ್ತಿ ಹಸಿರು, ಅದೂ ಮೊದಲ ಓಟದಲ್ಲೇ. ಆ ಆಫೀಸಿನಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಒಂದು ವಾರಕ್ಕೆಂದು ತೆಗೆದ ಬಟನ್ ಇನ್ನೂ ವಾಪಸ್ ಬಂದಿಲ್ಲ.

ಇದು ನಿನ್ನ ಒಂದು ಮಾತಿನಿಂದ ಆದದ್ದು. ಇಷ್ಟು ದೂರ ಕೂತು, ಮಷಿನ್ ಮುಟ್ಟದೆ, ಬರೀ ನನ್ನ ಕಾಗದ ಓದಿ ನೀನು ಕಾಯಿಲೆ ಹೇಳಿದೆ. ಇಷ್ಟವಿಲ್ಲದ ಕೆಲಸ ಯಾರಿಗೂ ಇಷ್ಟು ಚೆನ್ನಾಗಿ ಬರುವುದಿಲ್ಲ.

ಹಾಗಾಗಿ ಕೇಳುತ್ತೇನೆ. ಯಾಕೆ ಬಿಟ್ಟೆ ಇಂದು?

ನಿನ್ನ ಅಮ್ಮ


ಔರಾದ
2 ನವೆಂಬರ್ 2025

ಅಮ್ಮ,

ಎರಡು ವರ್ಷದಲ್ಲಿ ನೀನು ಇದನ್ನು ಕೇಳಿದ್ದು ಇದೇ ಮೊದಲು. ಅವತ್ತು ಬ್ಯಾಗ್ ಹಿಡಿದು ಮನೆಗೆ ಬಂದಾಗ ಅಪ್ಪ ಟಿವಿ ಸದ್ದು ಕಡಿಮೆ ಮಾಡಿದರು. ಅಜ್ಜಿ "ಬಿಡ್ಲಿ ಬಿಡು, ಮಗು ಸಣ್ಣಕಾಗೋಗದೆ" ಎಂದರು. ನೀನು ಊಟಕ್ಕೆ ತಟ್ಟೆ ಇಟ್ಟೆ. ಎಲ್ಲರೂ ಒಳ್ಳೆಯವರೇ. ಯಾರೂ ಕೇಳಲಿಲ್ಲ.

ನಾನೂ ನಿನ್ನ ಹಾಗೆಯೇ ಟೆಸ್ಟ್ ಕಾಯುವವಳಾಗಿದ್ದೆ. ಸಾಫ್ಟ್‌ವೇರ್ ಹೊರಗೆ ಹೋಗುವ ದಿನ ನನ್ನ ಸಹಿ ಬೇಕಿತ್ತು. ಅವತ್ತು ಒಂದೇ ಒಂದು ಟೆಸ್ಟ್ ಕೆಂಪು ಬಂತು. ಮಲಗಿಸಿದ ಮಷಿನ್ನನ್ನು ಎಬ್ಬಿಸಿ, ಎದ್ದ ಕೂಡಲೇ ಒಂದು ಫೈಲ್ ಬರೆದರೆ, ಆ ಫೈಲ್ ಉಳಿಯಲಿಲ್ಲ. ನಾನು ಬೇಡ, ನಿಲ್ಲಿಸಿ ಎಂದೆ. ನಮ್ಮ ಮ್ಯಾನೇಜರ್ ನನ್ನ ಪಕ್ಕ ಬಂದು ನಿಂತು "ಒಂದ್ಸಲ ರೀರನ್ ಮಾಡು" ಎಂದರು. ಮಾಡಲ್ಲ ಎಂದೆ. ಅವರೇ ಬಗ್ಗಿ ನನ್ನ ಕಂಪ್ಯೂಟರಿನಲ್ಲಿ ಒತ್ತಿದರು. ಹಸಿರು ಬಂತು. "ನೋಡಿ, ಏನೂ ಇಲ್ಲ" ಎಂದು ಎಲ್ಲರಿಗೂ ಹೇಳಿದರು.

ಕೆಂಪನ್ನು ನನ್ನ ಕಣ್ಣಾರೆ ನೋಡಿದ್ದೆ, ಹಸಿರನ್ನೂ ನೋಡಿದೆ. ಯಾವುದನ್ನು ನಂಬಲಿ? ಸಹಿ ಹಾಕಿದೆ.

ಕೆಲವು ವಾರದ ನಂತರ ಒಂದು ರಕ್ತ ಪರೀಕ್ಷೆಯ ಲ್ಯಾಬಿನವರು ದೂರು ಕೊಟ್ಟರು. ಬೆಳಗ್ಗೆ ಮಷಿನ್ ಎಬ್ಬಿಸಿದ ಕೂಡಲೇ ಬರೆದ ರಿಪೋರ್ಟ್‌ಗಳು ಕಳೆದುಹೋಗುತ್ತಿವೆ ಎಂದು. ನನ್ನನ್ನು ರೂಮಿಗೆ ಕರೆದರು. ಅವತ್ತು ಬಟನ್ ಒತ್ತಿದ ಅದೇ ಮನುಷ್ಯ ಕೇಳಿದರು: "ನಿಂಗೆ ಗೊತ್ತಿತ್ತಲ್ಲಮ್ಮ, ಯಾಕೆ ಗಟ್ಟಿಯಾಗಿ ಹೇಳ್ಲಿಲ್ಲ?"

ಅವತ್ತೇ ಕೆಲಸ ಬಿಟ್ಟೆ, ಆ ಪ್ರಶ್ನೆ ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ. ಬೋರ್ಡ್ ಮುಂದೆ ನಿಂತಿದ್ದಾಗಲೂ ಕೆಲವು ದಿನ ನೆನಪಾಗಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು ಹಾಗೇ ನಿಂತುಬಿಡುತ್ತೇನೆ. ಮಕ್ಕಳು ಮಿಸ್ ಲೆಕ್ಕ ಮರೆತರು ಅಂದುಕೊಳ್ಳುತ್ತವೆ.

ನೀನು ಕೇಳಿದೆ, ನಾನು ಹೇಳಿದೆ. ಸಮಾಧಾನ ಮಾಡಿ ಬರೆಯಬೇಡ.

ಇಂದು


ಕೆಂಪಾಪುರ
16 ನವೆಂಬರ್ 2025

ಇಂದು,

ಓದಿದೆ. ಸಮಾಧಾನ ಮಾಡುವುದಿಲ್ಲ. ನನಗೆ ಸಿಟ್ಟು ಬಂದಿದೆ, ಅದನ್ನು ಮಾತ್ರ ಹೇಳುತ್ತೇನೆ. ಆ ಮನುಷ್ಯ ಎದುರಿಗೆ ಸಿಕ್ಕಿದ್ದರೆ ಅವನ ಮೇಲೆ ನಿನ್ನ ಅಜ್ಜಿಯನ್ನು ಛೂ ಬಿಡುತ್ತಿದ್ದೆ.

ಒಂದು ವಿಷಯ ತಿಳಿಯಬೇಕು. ಅವರು ಎರಡನೇ ಸಲ ಒತ್ತುವ ಮೊದಲು ದೊಡ್ಡ ಕಂಪ್ಯೂಟರನ್ನು ಪೂರ್ತಿ ಆರಿಸಿ ಮತ್ತೆ ಹಾಕಿದ್ದರಾ?

ಅಮ್ಮ


ಔರಾದ
24 ನವೆಂಬರ್ 2025

ಅಮ್ಮ,

ಇಲ್ಲ. ಹಾಗೇ ಒತ್ತಿದರು. ಯಾಕೆ?

ಇಂದು


ಕೆಂಪಾಪುರ
28 ಡಿಸೆಂಬರ್ 2025

ಇಂದು,

ಒಂದು ತಿಂಗಳು ಕಾಯಿಸಿದೆ. ಖಾತ್ರಿಯಾಗದೆ ಬರೆಯಬಾರದು ಎಂದುಕೊಂಡಿದ್ದೆ. ಈಗ ಖಾತ್ರಿಯಾಗಿದೆ, ಕೂತು ಓದು.

ನಿನ್ನ ಕಾಗದ ಬಂದ ಮೇಲೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ತಿರುಗುತ್ತಿತ್ತು. ಅದೇ ಟೆಸ್ಟ್, ಅದೇ ಸಾಫ್ಟ್‌ವೇರ್. ಮೊದಲ ಸಲಕ್ಕೂ ಎರಡನೇ ಸಲಕ್ಕೂ ಏನೋ ಒಂದು ಬೇರೆ ಇರಲೇಬೇಕು. ಬಸ್ಸಿನಲ್ಲಿ ಹೆಬ್ಬಾಳದ ಫ್ಲೈಓವರ್ ಹತ್ತಿರ ನಿಂತಲ್ಲೇ ನಿಂತು ಇದನ್ನೇ ಯೋಚಿಸಿದೆ, ಅಲ್ಲಿ ಯೋಚಿಸಲು ಸಮಯಕ್ಕೇನೂ ಬರವಿಲ್ಲ. ನಮ್ಮಲ್ಲೂ ಅಂಥದೇ ಒಂದು ಟೆಸ್ಟ್ ಇದೆ, ಮಲಗಿಸಿ ಎಬ್ಬಿಸುವುದು. ಇಂಥ ಸಾಫ್ಟ್‌ವೇರ್ ಮಾಡುವವರೆಲ್ಲರ ಹತ್ತಿರವೂ ಇರುತ್ತದೆ. ಎಲ್ಲ ಹಸಿರಾದ ಮೇಲೂ ಅದೊಂದು ಮಾತ್ರ ಯಾವಾಗಲೋ ಒಮ್ಮೆ ಕೆಂಪಾಗುತ್ತಿತ್ತು. ಅದಕ್ಕೆ ಮೂಡ್ ಸರಿಯಿಲ್ಲ ಎಂದು ಮುದಸ್ಸಿರ್ ತಮಾಷೆ ಮಾಡುತ್ತಿದ್ದ.

ಸಾಫ್ಟ್‌ವೇರ್ ಹೊರಗೆ ಹೋಗುವ ಹಿಂದಿನ ದಿನ ಮಧ್ಯಾಹ್ನ ಅದು ಕೆಂಪಾಯಿತು. ಬೇರೆಲ್ಲವೂ ಹಸಿರು. ಇಲ್ಲೂ ಕಳಿಸುವ ಮೊದಲು ಟೆಸ್ಟ್ ಕಾಯುವವರ ಸಹಿ ಬೇಕು, ಈ ಸಲ ನನ್ನದು. ರವಿಕಿರಣ ಬಂದು ನನ್ನ ಮೇಜಿನ ಪಕ್ಕ ನಿಂತರು.

"ಮೇಡಂ, ನಾಳೆ ಕಸ್ಟಮರ್‌ಗೆ ಹೋಗ್ಬೇಕು. ಒಂದೇ ಒಂದ್ಸಲ ಅಂತ ಬಟನ್ ವಾಪಸ್ ಹಾಕ್ಸಿದೀನಿ. ಒತ್ಬಿಡಿ."

"ನಾನು ಒತ್ತಲ್ಲ ಸರ್. ನೀವೇ ಒತ್ತಿ."

ಒತ್ತಿದರು. ಹಸಿರು ಬಂತು. ಹಿಂದೆ ನಿಂತಿದ್ದವರು ಉಸಿರು ಬಿಟ್ಟದ್ದು ಕೇಳಿಸಿತು.

"ಆಯ್ತಲ್ಲ. ಸೈನ್ ಮಾಡಿ ಮೇಡಂ. ಮುಂದಿನ ವಾರ ನಿಮ್ ರಿವ್ಯೂನೂ ಇದೆ." ಅವರು ಅದನ್ನು ಬೆದರಿಸಲು ಹೇಳಲಿಲ್ಲ, ನೆನಪಿಸಿದರು ಅಷ್ಟೇ. ನನ್ನ ಎದೆಗೆ ಎರಡೂ ಒಂದೇ ಆಗಿ ಕೇಳಿಸಿತು. ಆರು ತಿಂಗಳ ಕೆಲಸ ಆ ಒಂದು ಸಹಿಯಲ್ಲಿ ಬಂದು ಕೂತಿತ್ತು. ಸುಳ್ಳೇಕೆ ಹೇಳಲಿ, ಹಾಕಿಬಿಡೋಣ ಎಂದು ಒಂದು ಕ್ಷಣ ಅನಿಸಿತು.

"ಮಾಡ್ತೀನಿ ಸರ್" ಎಂದೆ. "ಅದಕ್ಕೂ ಮುಂಚೆ ಈ ದೊಡ್ಡ ಕಂಪ್ಯೂಟರ್ ಪೂರ್ತಿ ಆರಿಸಿ, ಮತ್ತೆ ಹಾಕ್ಸಿ. ಆಮೇಲೆ ಓಡ್ಸಿ. ಅದು ಹಸಿರು ಬಂದ್ರೆ ಕಣ್ ಮುಚ್ಕೊಂಡು ಸೈನ್ ಮಾಡ್ತೀನಿ."

ಗೊಣಗಿಕೊಂಡೇ ಆರಿಸಿ ಹಾಕಿದರು. ಓಡಿಸಿದರು. ಕೆಂಪು. ಆರಿಸದೆ ಹಾಗೇ ಮತ್ತೆ ಓಡಿಸಲು ಹೇಳಿದೆ. ಹಸಿರು. ಮತ್ತೆ ಆರಿಸಿ ಹಾಕಿಸಿದೆ. ಕೆಂಪು. ಆ ಹೊತ್ತಿಗೆ ಟೀಗೆ ಎದ್ದಿದ್ದವರೂ ವಾಪಸ್ ಬಂದು ನಿಂತಿದ್ದರು.

ಕಾರಣವನ್ನು ಮುದಸ್ಸಿರ್ ಅಲ್ಲೇ ಕೂತು ಹುಡುಕಿದ. ನಮ್ಮ ಮಷಿನ್ ಕಣ್ಣು ಬಿಟ್ಟ ಕೂಡಲೇ ನಾನು ಎದ್ದೆ ಎಂದು ಹೇಳಿಬಿಡುತ್ತದೆ. ಅದರ ಡಿಸ್ಕ್ ಕೈಗೆ ಬರಲು ಇನ್ನೂ ಸ್ವಲ್ಪ ಹೊತ್ತು ಬೇಕು. ಆ ಸಂದಿನಲ್ಲಿ ಬರೆದದ್ದು ಗಾಳಿಗೆ ಹೋಗುತ್ತದೆ. ಮೊದಲ ಸಲ ಎಲ್ಲವನ್ನೂ ಡಿಸ್ಕಿನಿಂದ ಎತ್ತಿಕೊಂಡು ಬರಬೇಕಲ್ಲ, ಸಂದು ದೊಡ್ಡದಿರುತ್ತದೆ. ಎರಡನೇ ಸಲ ಎಲ್ಲ ಆಗಲೇ ಕಂಪ್ಯೂಟರಿನ ಮೆಮೊರಿಯಲ್ಲಿ ಇರುತ್ತದೆ, ಸಂದೇ ಇರುವುದಿಲ್ಲ. ಬೇರೆ ದಿನಗಳಲ್ಲಿ ಹಿಂದಿನ ಟೆಸ್ಟ್‌ಗಳು ಎಲ್ಲವನ್ನೂ ತಂದಿಟ್ಟಿರುತ್ತಿದ್ದವು, ಅಪರೂಪಕ್ಕೆ ಇದರ ಸರದಿ ಮೊದಲು ಬಂದಾಗ ಮಾತ್ರ ಕೆಂಪಾಗುತ್ತಿತ್ತು. ಅಂದರೆ ರೀರನ್ ಮಾಡಿದರೆ ಹಸಿರು ಬರುತ್ತದೆ ಎನ್ನುವುದು ಟೆಸ್ಟ್ ಸುಳ್ಳು ಹೇಳಿತು ಎನ್ನುವುದಕ್ಕೆ ಸಾಕ್ಷಿಯಲ್ಲ. ಸಾಫ್ಟ್‌ವೇರಿನಲ್ಲಿ ತಪ್ಪಿದೆ ಎನ್ನುವುದಕ್ಕೆ ಸಾಕ್ಷಿ.

ರವಿಕಿರಣರಿಗೆ ಹೇಳಿದೆ: "ಕಸ್ಟಮರ್ ಬೆಳಗ್ಗೆ ಬಂದು ಎಬ್ಸೋದು ಮೊದಲ್ನೇ ಸಲ ಸರ್. ಅವ್ರ ಹತ್ರ ರೀರನ್ ಬಟನ್ ಇರಲ್ಲ."

ಅವರು ಫೋನ್ ತೆಗೆದುಕೊಂಡು ಹೊರಗೆ ಹೋಗಿ, ನಾಳೆ ಕಳಿಸುವುದಿಲ್ಲ ಎಂದು ಮೇಲಿನವರಿಗೆ ಹೇಳಿ ಬಂದರು. ಬಂದವರು "ಇದು ನಿಮಗೆ ಹೆಂಗ್ ಹೊಳೀತು" ಎಂದು ಕೇಳಿದರು.

"ನನ್ ಮಗಳು ಹೇಳಿದ್ದು ಸರ್. ಅವಳು ನನಗಿಂತ ಮುಂಚೆ ಇದೇ ಕೆಲಸ ಮಾಡ್ದೋಳು. ಅವಳಿಗೂ ಹಿಂಗೇ ಆಗಿತ್ತು, ಅಲ್ಲಿ ಆರಿಸಿ ನೋಡೋರು ಯಾರೂ ಇರ್ಲಿಲ್ಲ" ಎಂದೆ. ಅಷ್ಟು ಜನರ ಮುಂದೆ ಹೇಳಿದೆ. ಹೇಳಿದ ಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ಸಂಕಟಕ್ಕಲ್ಲ, ಹೆಮ್ಮೆಗೆ.

ಈಗ ನಿನಗೆ ಹೇಳಬೇಕಾದ್ದು. ಅವತ್ತು ನೀನು ನೋಡಿದ ಕೆಂಪು ನಿಜವಾದದ್ದು. ಅವರು ಒತ್ತಿ ತೋರಿಸಿದ ಹಸಿರು ಸುಳ್ಳು. ನೀನು ಗಟ್ಟಿಯಾಗಿ ಹೇಳಿದ್ದರೂ, ಕೂಗಿದ್ದರೂ, ಮೇಜಿನ ಮೇಲೆ ಹತ್ತಿ ನಿಂತಿದ್ದರೂ ಎರಡನೇ ಸಲ ಹಸಿರೇ ಬರುತ್ತಿತ್ತು. ನಿನ್ನ ದನಿ ಸಣ್ಣದಾಗಿತ್ತು ಎನ್ನುವುದು ಅವರು ತಮ್ಮ ಕೈ ತೊಳೆದುಕೊಳ್ಳಲು ಆಡಿದ ಮಾತು. ಎರಡು ವರ್ಷ ನೀನು ಅದನ್ನು ಹೊತ್ತುಕೊಂಡು ತಿರುಗಿದ್ದೀಯ. ಇಳಿಸಿಬಿಡು.

ರಿವ್ಯೂ ಆಯಿತು. ಪರ್ಮನೆಂಟ್. ನನ್ನ ಸಾಮರ್ಥ್ಯ ಎನ್ನುವ ಕಡೆ ರವಿಕಿರಣ ಉದ್ದಕ್ಕೆ ಏನೇನೋ ಬರೆದಿದ್ದಾರೆ. ದೌರ್ಬಲ್ಯ ಎನ್ನುವ ಕಡೆ ಒಂದೇ ಮಾತು, ಹಟಮಾರಿ. ಅಜ್ಜಿಗೆ ಓದಿ ಹೇಳಿದೆ. "ಇಷ್ಟ್ ದಿನಕ್ಕೆ ನಮ್ಮನೆ ಸೊಸೆ ಅಂತ ಗೊತ್ತಾತದೆ" ಎಂದು ಎಲೆ ಅಡಿಕೆ ಡಬ್ಬಿ ಎಳೆದುಕೊಂಡರು. ನಿನ್ನ ಅಪ್ಪ ಬೀದಿಗೆಲ್ಲ ಸೀರಿಯಲ್ ಲೈಟ್ ಕಟ್ಟಿಸಿದ್ದಾರೆ. ಯಾರ ಮದುವೆ ಎಂದು ಕೇಳಿದವರಿಗೆ ನನ್ನ ಹೆಂಡತಿಗೆ ಕೆಲಸ ಆಯ್ತು ಎನ್ನುತ್ತಾರೆ. ನನಗೆ ನಾಚಿಕೆಯಾಗುತ್ತದೆ, ತೆಗೆಯಿರಿ ಎಂದು ಹೇಳಲು ಮನಸ್ಸೂ ಬರುತ್ತಿಲ್ಲ.

ನಿನ್ನ ಅಮ್ಮ


ಔರಾದ
5 ಜನವರಿ 2026

ಅಮ್ಮ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ನಿಂತುಕೊಂಡೇ ಓದಿದೆ. ಕೂತು ಓದು ಎಂದು ನೀನು ಬರೆದ ಸಾಲು ದಾಟುವಷ್ಟರಲ್ಲಿ ಕೂರುವುದೇ ಮರೆತುಹೋಯಿತು. ಬೆಲ್ ಹೊಡೆಯಿತು, ಹೋಗಲಿಲ್ಲ. ಮಕ್ಕಳು ಹುಡುಕಿಕೊಂಡು ಬಂದರು. ಮಿಸ್ ಯಾಕೆ ಅಳುತ್ತಿದ್ದೀರಿ ಎಂದು ಕೇಳಿದರು. ನಮ್ಮ ಅಮ್ಮನಿಗೆ ಕೆಲಸ ಆಯಿತು ಎಂದೆ. ಅದಕ್ಕೆ ಯಾರು ಅಳುತ್ತಾರೆ ಎಂದು ಅವರಿಗೆ ಅರ್ಥವಾಗಲಿಲ್ಲ, ಚಪ್ಪಾಳೆ ಮಾತ್ರ ಹೊಡೆದರು.

ಯಾಕೆ ಬಿಟ್ಟೆ ಎಂದು ಕೇಳಿದ ಹೊರಗಿನವರಿಗೆಲ್ಲ ಎರಡು ವರ್ಷದಿಂದ ಒಂದೇ ಉತ್ತರ ಕೊಡುತ್ತಿದ್ದೇನೆ, ಆ ಕೆಲಸ ಇಷ್ಟವಿರಲಿಲ್ಲ ಎಂದು. ನಿನಗೂ ಅದನ್ನೇ ಬರೆದೆ. ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ.

ಇಷ್ಟವಿತ್ತು ಅಮ್ಮ. ತುಂಬಾ ಇಷ್ಟವಿತ್ತು.

ಹಬ್ಬಕ್ಕೆ ನಮಗೆ ನಾಲ್ಕು ದಿನ ರಜೆ ಇದೆ. ನಿಮ್ಮ ಆಫೀಸಿಗೆ ಹೊರಗಿನವರನ್ನು ಬಿಡುತ್ತಾರಾ? ಬೆಳಗ್ಗೆ ಬೇಗ ಹೋಗೋಣ, ಯಾರೂ ಏನನ್ನೂ ಓಡಿಸುವ ಮೊದಲು. ಆ ಟೆಸ್ಟ್ ಮೊದಲನೇ ಸಲ ಓಡುವುದನ್ನು ನಾನು ನೋಡಬೇಕು.

ನಿನ್ನ ಮಗಳು
ಇಂದು